ಮರೆವ್ವ ಬಿಡಿಸಿದ ಬೇವಿನ ಕುತ್ತಿಗೆ

ನಮ್ಮೂರಲ್ಲಿ ಬಸ್ಸು ನಿಲ್ಲುವ ಜಾಗದ ದೊಡ್ಡ ಬೇವಿನ ಮರವನ್ನು ಕೊಲ್ಲಲು ಹೊರಟವರಲ್ಲಿ ನಾನೇ ಮೊದಲಿನವನು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ನಾನು ಮುಚ್ಚಿಟ್ಟರೂ ಮರದ ಪಕ್ಕದ ಚಹಾದಂಗಡಿಯ ಅಂದಾನೆಪ್ಪ ಮುಚ್ಚಿಡುವವನಲ್ಲ. ಬಸ್ಸಿಗೆ ಕಾಯುವ ಅಪರಿಚಿತರಿಗೂ ಅವನು ಒಂದು ಕಪ್ ಚಹಾದ ಜೊತೆ ಈ ಕತೆ ಹೇಳಿ ಕಳಿಸುತ್ತಾನೆ. ನಾನು ಕೊಡಲಿ ಹಿಡಿದಿರಲಿಲ್ಲ. ಸಿಮೆಂಟು ತಂದಿದ್ದೆ, ಅಷ್ಟೇ.

ಅದನ್ನು ಉಳಿಸಿದವಳು ಮರೆವ್ವ. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ರಸ್ತೆಯಲ್ಲಿ ನಮ್ಮೂರ ಆಚೆ ಮೂರು ಮೈಲಿ, ಈಚೆ ಮೂರು ಮೈಲಿ ಆಕೆಯ ರಸ್ತೆಕೂಲಿ ಗ್ಯಾಂಗಿನ ಕೆಲಸದ ಹದ್ದು. ಕುಣಿ ಮುಚ್ಚುವುದು, ಖಡಿ ಹಾಸುವುದು, ಸಾಲುಮರಗಳಿಗೆ ಸುಣ್ಣ ಮತ್ತು ಕಾವಿಯ ಪಟ್ಟಿ ಬಳಿಯುವುದು. ಹದಿನಾಲ್ಕು ವರ್ಷ ದಿನಗೂಲಿಯ ಮೇಲೆ ಇದನ್ನೇ ಮಾಡಿದ್ದಳು. 1977ರಲ್ಲಿ ಕಾಯಂ ಆಗುವವರ ಪಟ್ಟಿಯಲ್ಲಿ ಆಕೆಯ ಹೆಸರು ಮೇಲಕ್ಕೆ ಹೋಗಿದೆ ಎಂದು ರಸ್ತೆ ಇಲಾಖೆಯ ಓವರ್‌ಸಿಯರ್ ಸಾಹೇಬರು ಹೇಳಿದ್ದರು. ಆಕೆಯ ಓಣಿಯಲ್ಲಿ ಅಂಥ ನೌಕರಿ ಕಂಡ ಹೆಂಗಸು ಇನ್ನೊಬ್ಬಳಿರಲಿಲ್ಲ.

ಎತ್ತರದ ಆಳು, ಗಂಡಸರಂತೆ ದಾಪುಗಾಲು. ಸೀರೆಯ ನೆರಿಗೆಯ ಪಕ್ಕದಲ್ಲಿ ಸದಾ ಒಂದು ಸೈಕಲ್ ಗಾಲಿಯ ಕಡ್ಡಿ ಸಿಕ್ಕಿಸಿಕೊಂಡಿರುತ್ತಿದ್ದಳು. ಮಾವಿನ ಮರದ ತೊಗಟೆಯ ಮೇಲೆ ಕಟ್ಟಿಗೆಯ ಹುಡಿ ಬಲೆ ಕಟ್ಟಿದಂತೆ ಕಂಡರೆ ಒಳಗೆ ಹುಳ ಇದೆ ಎಂದೇ ಲೆಕ್ಕ. ಬಲೆ ಒರೆಸಿ, ತೂತು ಹುಡುಕಿ, ಕಡ್ಡಿಯನ್ನು ಒಳಗೆ ಬಿಟ್ಟು ತಿರುವುವಳು. ಆಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ಬಾಯಿಗೆ ಮಣ್ಣು ಮೆತ್ತುವಳು. ಬಂದಳಿಕೆ ಹಿಡಿದ ಟೊಂಗೆಯನ್ನು ಅದು ಹಣ್ಣು ಬಿಡುವ ಮೊದಲೇ ಟೊಂಗೆಸಮೇತ ಕಡಿಯುವಳು. ಬರೀ ಎಲೆ ಹರಿದುಹಾಕುವ ಗಂಡಸರನ್ನು ಕಂಡರೆ ಬಾಯಿಗೆ ಬಂದಂತೆ ಬಯ್ಯುವಳು. ಆ ವರ್ಷದ ಚುನಾವಣೆ ಮುಗಿದ ಮೇಲೆ ಪಕ್ಷಗಳ ಬೋರ್ಡಿಗೆ ಹೊಡೆದ ಮೊಳೆಗಳನ್ನು ಮರಗಳಿಂದ ಕಿತ್ತು ಉಡಿ ತುಂಬ ತಂದು, ಗೆದ್ದವರದಿಷ್ಟು, ಸೋತವರದಿಷ್ಟು ಎಂದು ಅಂದಾನೆಪ್ಪನ ಮುಂದೆ ಸುರಿದಿದ್ದಳು. ಇದ್ಯಾವುದಕ್ಕೂ ಇಲಾಖೆ ಕೂಲಿ ಕೊಡುತ್ತಿರಲಿಲ್ಲ. ಆಕೆಯೂ ಕೇಳಿದವಳಲ್ಲ.

ಈಗ ನನ್ನ ಪ್ರತಾಪಕ್ಕೆ ಬರುತ್ತೇನೆ. ನಾನು ನಿಜಗುಣಪ್ಪ, ಪ್ರಾಥಮಿಕ ಶಾಲೆಯ ಮಾಸ್ತರ. ಆ ಬೇವಿನ ಮರದ ಸುತ್ತ ಹಿಂದೆ ಒಂದು ಸಡಿಲ ಕಲ್ಲಿನ ತಗ್ಗು ಕಟ್ಟೆ ಇತ್ತು. ಊರಿಗೆ ಶೋಭೆಯಲ್ಲ ಎಂದು ನನಗನಿಸಿತು. 1974ರಲ್ಲಿ ಕಟ್ಟೆ ಕಮಿಟಿ ಮಾಡಿ ನಾನೇ ಕಾರ್ಯದರ್ಶಿಯಾದೆ. ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲ. ಪಂಚಾಯಿತಿ ಅಧ್ಯಕ್ಷ ಬಸಲಿಂಗಪ್ಪನವರು ಬೈಲಹೊಂಗಲಕ್ಕೆ ಹತ್ತು ಸಲ ತಿರುಗಿ ಪರ್ಮಿಟ್ ತಂದರು. ಎದೆಮಟ್ಟದ ಕಟ್ಟೆ ಎದ್ದಿತು. ಒಳಗೆ ಏನು ತುಂಬುವುದು ಎಂದಾಗ ಊರವರೆಲ್ಲ ನಾ ಮುಂದೆ ತಾ ಮುಂದೆ ಎಂದು ತಮ್ಮ ತಮ್ಮ ಹೊಲದ ಎರೆಮಣ್ಣನ್ನು ಚಕ್ಕಡಿಗಳಲ್ಲಿ ತಂದು ಸುರಿದರು. ಹತ್ತಿ ಬೆಳೆಯುವ ಮಣ್ಣು, ಇದಕ್ಕಿಂತ ಒಳ್ಳೆಯದನ್ನು ಮರಕ್ಕೆ ಏನು ಕೊಡಲಿಕ್ಕಾಗುತ್ತದೆ? ಮೇಲೆ ಮೆತ್ತಿದ್ದು ಸಿಮೆಂಟಿನ ಗಿಲಾಯ, ಅದೂ ಬೊಡ್ಡೆಯ ತನಕ, ಒಂದು ಬೆರಳು ಸಂದು ಬಿಡದೆ. ಮುಂಭಾಗದಲ್ಲಿ ತೀರಿಹೋದ ನನ್ನ ತಂದೆ ಮಲಕಾಜಪ್ಪನವರ ಹೆಸರು ಕೆತ್ತಿಸಿದ ಕಲ್ಲು. ಮರಕ್ಕೆ ದೊಡ್ಡ ಗೌರವ ಮಾಡಿದೆವೆಂದು ಎಲ್ಲರೂ ಬೀಗಿದೆವು.

ಗಿಲಾಯ ನಡೆದಿದ್ದ ದಿನ ಮರೆವ್ವ ರಸ್ತೆಯ ಮೇಲೆ ನಿಂತು ನೋಡುತ್ತಿದ್ದಳು. ಆಕೆಯ ಓಣಿಯವರು ಆ ಕಟ್ಟೆ ಹತ್ತುತ್ತಿರಲಿಲ್ಲ. ಹತ್ತಬಾರದೆಂದು ಯಾರೂ ಬರೆದು ಹಾಕಿರಲಿಲ್ಲ, ಹತ್ತಿರೆಂದು ನಾವು ಯಾರೂ ಕರೆದಿರಲೂ ಇಲ್ಲ. ಮಧ್ಯಾಹ್ನ ಮರದ ನೆರಳು ಕಟ್ಟೆ ದಾಟಿ ರಸ್ತೆಯಂಚಿಗೆ ಬಂದಾಗ ಅಲ್ಲಿ ಕೂತು ಗ್ಯಾಂಗಿನ ಹೆಂಗಸರು ರೊಟ್ಟಿ ತಿನ್ನುತ್ತಿದ್ದರು.

"ಮಾಸ್ತರ್ರ, ಗಿಡದ ಕುತ್ತಿಗಿ ಮುಚ್ಚಬ್ಯಾಡ್ರಿ," ಎಂದಳು.

"ನಿನ್ನ ಕೆಲಸಾ ನೋಡ್ಕೋ ಹೋಗು," ಎಂದೆ ನಾನು.

ಆಕೆ ಹೋದಳು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಾಲೆಯ ಹುಡುಗರು ಹೇಳುವುದು ಸುಳ್ಳಲ್ಲ.

ಮರುವರ್ಷ ಎಲೆ ಸಣ್ಣದಾಯಿತು. ಅದರ ಮರುವರ್ಷ ನೆತ್ತಿಯ ಟೊಂಗೆಗಳು ಒಣಗಿದವು. ಮಳೆಗಾಲದಲ್ಲಿ ಗಿಲಾಯದ ಬಿರುಕಿನಿಂದ ಅಣಬೆ ಎದ್ದವು. ದೃಷ್ಟಿಯಾಗಿದೆ ಎಂದು ಅಂದಾನೆಪ್ಪ ಹಳೆಯ ಕೆರವೊಂದನ್ನು ಟೊಂಗೆಗೆ ಕಟ್ಟಿದ. ಹಾಗೆ ಕಟ್ಟಿದವನೇ ದಿನವಿಡೀ ಚಹಾದ ಚರಟ, ಸೋಡಾ ಹಾಕಿದ ಬಿಸಿನೀರನ್ನು ಕಟ್ಟೆಯ ಬುಡಕ್ಕೆ ಚೆಲ್ಲುತ್ತಿದ್ದ. ಗ್ರಾಮಸೇವಕ ಬಂದು ಎಲೆಗೆ ಔಷಧಿ ಹೊಡೆದು ಹೋದ. ಬಸಲಿಂಗಪ್ಪನವರು ನೀರು ಸಾಲದಾಗಿದೆ ಎಂದು ಆಳು ಹಚ್ಚಿ ದಿನಕ್ಕೆ ಹತ್ತು ಕೊಡ ಸುರಿಸಿದರು. ಎಲ್ಲರೂ ಮರವನ್ನು ಅಷ್ಟು ಪ್ರೀತಿಸುತ್ತಿದ್ದೆವು.

1977ರ ಯುಗಾದಿಯ ಬೆಳಿಗ್ಗೆ ಬೇವು-ಬೆಲ್ಲಕ್ಕೆ ಹೂವು ತರಲು ಹೋದರೆ ಇಡೀ ಮರದಲ್ಲಿ ಒಂದು ಹೂವಿಲ್ಲ. ಊರು ಕಟ್ಟಿದಂದಿನಿಂದ ಯುಗಾದಿಗೆ ಆ ಮರದ್ದೇ ಹೂವು. ಹೆಂಗಸರು ಖಾಲಿ ತಟ್ಟೆ ಹಿಡಿದು ವಾಪಸಾದರು. ಹೂವು ಬಿಟ್ಟ ಇನ್ನೊಂದು ಬೇವಿನ ಮರ ಊರಲ್ಲಿ ಇದ್ದದ್ದು ರಸ್ತೆಯ ಆಚೆ, ಮರೆವ್ವನ ಓಣಿಯಲ್ಲಿ. ಅದೇ ವಯಸ್ಸಿನದು, ಅದೇ ಕಾಲಕ್ಕೆ ನೆಟ್ಟದ್ದು ಎಂದು ಹಿರಿಯರು ಹೇಳುತ್ತಿದ್ದರು. ನಾನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಹೋದೆ. ಮರೆವ್ವ ಅದರ ಕೆಳಗೆ ಕಸ ಗುಡಿಸುತ್ತಿದ್ದಳು.

"ಏನ್ರಿ ಮಾಸ್ತರ್ರ, ನಮ್ಮ ಓಣ್ಯಾಗ?"

"ಬೇವಿನ ಹೂವ ಬೇಕಾಗಿದ್ವು."

"ತಗೋರಿ. ಗಿಡ ಯಾರನ್ನೂ ಬ್ಯಾಡ ಅನ್ನಂಗಿಲ್ಲ."

ಮರ ಬಿಳಿಯ ಹೂವಿನಿಂದ ಬಾಗಿತ್ತು. ನೋಡಿ ಹೊಟ್ಟೆ ಉರಿಯಿತು. "ಇದು ಹೆಂಗ ಇಷ್ಟ ಛಲೋ ಐತಿ?" ಎಂದೆ.

"ಇದಕ್ಕ ನೀವು ಯಾರೂ ಏನೂ ಮಾಡಿಲ್ರಿ. ಅದಕ್ಕ ಛಲೋ ಐತಿ."

ನನಗೆ ನೆತ್ತಿಗೇರಿತು. ಆಕೆ ಅದನ್ನು ಗಮನಕ್ಕೇ ತಂದುಕೊಳ್ಳದೆ ಬುಡದ ಹತ್ತಿರ ಕುಕ್ಕರಿಸಿ, ಬೊಡ್ಡೆ ಅಗಲವಾಗಿ ಬೇರಿಗೆ ಇಳಿಯುವ ಕಡೆ ಕೈಯಾಡಿಸಿದಳು. "ಇದು ಗಿಡದ ಕುತ್ತಿಗಿ ನೋಡ್ರಿ. ಇಲ್ಲಿ ಗಾಳಿ ಆಡಬೇಕು, ಒಣಾ ಇರಬೇಕು. ನಿಮ್ಮ ಗಿಡಾನ ಎದಿಮಟ ಹುಗದೀರಿ. ನಿಮ್ಮನ್ನ ಕಂಠಮಟ ಎರಿಮಣ್ಣಾಗ ಹುಗದು ದಿನಾ ಹತ್ತು ಕೊಡ ನೀರು ಕುಡಿಸಿದ್ರ ನೀವು ಸಾಲಿ ಕಲಸ್ತೀರೇನು?"

ಸಿಟ್ಟಿನಲ್ಲೇ ಹೊರಟುಬಿಟ್ಟೆ. ಹೂವು ಮಾತ್ರ ಮರೆಯದೆ ಕೊಯ್ದುಕೊಂಡೇ ಹೋದೆ.

ಹದಿನೈದು ದಿನಕ್ಕೆ ಓವರ್‌ಸಿಯರ್ ಸಾಹೇಬರು ಜೀಪಿನಲ್ಲಿ ಬಂದರು. ಮರ ರಸ್ತೆಯ ಜಾಗದಲ್ಲಿತ್ತು, ಹಾಗಾಗಿ ಇಲಾಖೆಯದು. ಒಣ ಟೊಂಗೆ ನೋಡಿದರು, ಅಣಬೆ ನೋಡಿದರು, ಬೇರು ಕೊಳೆತು ಬೊಡ್ಡೆ ಟೊಳ್ಳಾಗಿದೆ ಎಂದರು. ಮಳೆಗಾಳಿಗೆ ಬಸ್ಸಿನ ಮೇಲೆ ಬಿದ್ದರೆ ಯಾರು ಹೊಣೆ? ಕಡಿಯಬೇಕೆಂದು ಡಾಂಬರಿನಿಂದ ಬೊಡ್ಡೆಯ ಮೇಲೆ ದೊಡ್ಡ ಕತ್ತರಿ ಗುರುತು ಹಾಕಿಸಿದರು. ಅವರದು ತಪ್ಪೆನ್ನಲಾರೆ. ಕಣ್ಣಿಗೆ ಕಂಡದ್ದು ಹಾಗೇ ಇತ್ತು.

ಊರೆಲ್ಲ ಸೇರಿತು. ಕಟ್ಟೆಯ ಮೇಲೆ ಹಿರಿಯರು, ಕೆಳಗೆ ಉಳಿದವರು, ರಸ್ತೆಯಂಚಿಗೆ ಗ್ಯಾಂಗು. ಆಗ ರಸ್ತೆಯಿಂದ ಮರೆವ್ವನ ದನಿ ಬಂತು.

"ಸಾಹೇಬ್ರ, ಗಿಡ ಟೊಳ್ಳಾಗಿಲ್ರಿ. ಉಸುರು ಕಟ್ಟೈತಿ. ಕಟ್ಟಿ ಒಡದ್ರ ಬದಕತೈತಿ."

"ಕಟ್ಟಿ ಒಡದ್ರ ಊರಿಗೆ ಛಲೋ ಆಗೂದಿಲ್ಲ," ಎಂದರು ಬಸಲಿಂಗಪ್ಪನವರು.

"ಕಟ್ಟಿ ಉಳದು ಗಿಡ ಹೋದ್ರ, ಬಿಸಲಾಗ ಕುಂತು ಏನ್ ಮಾಡ್ತೀರಿ ಯಜಮಾನ್ರ?"

ಅಂದಾನೆಪ್ಪ ಕಿಸಕ್ಕನೆ ನಕ್ಕು, ಬಸಲಿಂಗಪ್ಪನವರ ಮುಖ ನೋಡಿ ಕೆಮ್ಮಿದ. ಓವರ್‌ಸಿಯರ್ ಸಾಹೇಬರಿಗೆ ಆಕೆಯ ಕೆಲಸ ಗೊತ್ತಿತ್ತು. ಟೊಳ್ಳಾಗಿಲ್ಲ ಎಂದು ಹೇಗೆ ಹೇಳುತ್ತೀ ಎಂದು ಕೇಳಿದರು. ಬಡಿದು ತೋರಿಸುತ್ತೇನೆ ಎಂದಳು. ಬಡಿಯಬೇಕಾದರೆ ಕಟ್ಟೆ ಹತ್ತಬೇಕು.

"ಮ್ಯಾಲ ಬರಲೇನ್ರಿ?" ಎಂದು ಕೇಳಿದಳು.

ಬಾ ಎಂದು ಯಾರೂ ಅನ್ನಲಿಲ್ಲ. ಬೇಡವೆಂದೂ ಅನ್ನಲಿಲ್ಲ. ನಾನು ನೆಲ ನೋಡುತ್ತಿದ್ದೆ, ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಮರೆವ್ವ ಕೆರವು ಬಿಟ್ಟು, ಸೀರೆ ಸಿಕ್ಕಿಸಿ, ಕಟ್ಟೆ ಹತ್ತಿದಳು. ಸಲಿಕೆಯ ಹಿಡಿಕೆಯಿಂದ ಬೊಡ್ಡೆಯ ಸುತ್ತ ಒಂದೊಂದು ಗೇಣಿಗೂ ಬಡಿಯುತ್ತ ಬಂದಳು. ಟಣ್, ಟಣ್ ಎಂದು ಗಟ್ಟಿ ಕಟ್ಟಿಗೆಯ ಸದ್ದು. ಅಂದಾನೆಪ್ಪನ ಅಂಗಡಿಯ ಕಡೆ ಬುಡದಲ್ಲಿ ಮಾತ್ರ ಎರಡು ಗೇಣಿನಷ್ಟು ದೂರ ಸದ್ದು ಮಂದವಾಯಿತು.

"ಇಷ್ಟ ಕೊಳತೈತ್ರಿ. ಸಿಪ್ಪಿ ಅಷ್ಟ, ಒಳಗ ಹೋಗಿಲ್ಲ. ಮಿರಗದ ಮಳಿ ತನಕಾ ನನಗ ಬಿಡ್ರಿ. ಚಿಗೀಲಿಲ್ಲಂದ್ರ ಕಡೀರಿ."

"ಅಷ್ಟರಾಗ ಬಿದ್ದು ಯಾರಿಗರ ಪೆಟ್ಟಾದ್ರ?"

"ಹಾಜರಿ ಪುಸ್ತಕದಾಗ ನನ್ನ ಹೆಸರು ಹೊಡದ ಹಾಕ್ರಿ. ಚಿಗೀಲಿಲ್ಲಂದ್ರೂ ಹೊಡೀರಿ."

ಗ್ಯಾಂಗಿನ ಹೆಂಗಸರಲ್ಲಿ ಒಬ್ಬಳು "ಏ ಮರೆವ್ವಾ!" ಎಂದು ಕೂಗಿಯೇಬಿಟ್ಟಳು. ಹದಿನಾಲ್ಕು ವರ್ಷದ ಕೂಲಿ, ಕೈಗೆ ಬಂದಿದ್ದ ನೌಕರಿ. ತಾನು ಎಂದೂ ಕೂತಿರದ ಕಟ್ಟೆಯ ಮರಕ್ಕಾಗಿ ಅದನ್ನು ಪಣಕ್ಕಿಟ್ಟಿದ್ದಳು. ಆಮೇಲೊಮ್ಮೆ ಏಕೆ ಹಾಗೆ ಮಾಡಿದೆ ಎಂದು ಕೇಳಿದಾಗ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿ, "ನೆರಳು ಕಟ್ಟಿ ಮ್ಯಾಲ ಅಷ್ಟ ಬೀಳತೈತೇನ್ರಿ?" ಎಂದಿದ್ದಳು.

ಓವರ್‌ಸಿಯರ್ ಸಾಹೇಬರು ಒಪ್ಪಿದರು, ಕಟ್ಟೆ ಒಡೆಯಲು ಪಂಚಾಯಿತಿ ಬರೆದುಕೊಡಬೇಕು ಎಂದರು. ಬಸಲಿಂಗಪ್ಪನವರು ನನ್ನತ್ತ ನೋಡಿದರು. ಕಟ್ಟೆ ನನ್ನದು, ಕಲ್ಲಿನ ಮೇಲಿನ ಹೆಸರು ನನ್ನ ಅಪ್ಪನದು. ನನಗೆ ಆ ಗಟ್ಟಿ ಕಟ್ಟಿಗೆಯ ಸದ್ದು ಕೇಳಿಸಿತ್ತು. ಮೂರು ವರ್ಷದ ಹಿಂದೆ ಆಕೆ ಹೇಳಿದ ಮಾತೂ ಕೇಳಿಸಿತ್ತು.

"ಒಡೀರಿ," ಎಂದೆ.

"ಮೊದಲಿನ ಏಟು ನೀವ ಹಾಕ್ರಿ ಮಾಸ್ತರ್ರ," ಎಂದು ಮರೆವ್ವ ಗುದ್ದಲಿಯನ್ನು ನನ್ನ ಮುಂದೆ ಹಿಡಿದಳು. ಹಾಕಿದೆ. ಕೈ ಜುಮ್ಮೆಂದಿತು, ಸಿಮೆಂಟು ಒಂದು ಚೂರೂ ಏಳಲಿಲ್ಲ. ಅಷ್ಟು ಚೆಂದ ಕಟ್ಟಿಸಿದ್ದೆ.

ಕಟ್ಟೆ ಒಡೆದು ಮಣ್ಣು ಎತ್ತಲು ನಾಲ್ಕು ದಿನ ಹಿಡಿಯಿತು. ಕೆಳಗಿನ ಮಣ್ಣು ಹುಳಿ ವಾಸನೆ ಹೊಡೆಯುತ್ತಿತ್ತು. ಒಂದು ಬದಿಯ ತೊಗಟೆ ಕೈಗೆ ಕಳಚಿ ಬರುತ್ತಿತ್ತು. ಅದಕ್ಕಿಂತ ಕೆಟ್ಟದ್ದನ್ನು ಆಮೇಲೆ ಕಂಡೆವು. ಹೂತ ಮರ ಉಸಿರಿಗಾಗಿ ಮೇಲಿನ ಮಣ್ಣಿನಲ್ಲಿ ಹೊಸ ಬೇರು ಬಿಟ್ಟಿತ್ತು. ಹೊರಹೋಗಲು ಕಟ್ಟೆ ಬಿಡದೆ ಅದರಲ್ಲೊಂದು ಬೇರು ಮುಂಗೈ ಗಾತ್ರಕ್ಕೆ ಬೆಳೆದು ತನ್ನ ಮರದ ಕುತ್ತಿಗೆಗೇ ಸುತ್ತಿ ಬಿಗಿದಿತ್ತು. ಮರೆವ್ವ ಅದರ ಸುತ್ತ ಬೆರಳಾಡಿಸಿ ನೋಡಿದಳು. ಆಮೇಲೆ ಉಳಿ ತರಿಸಿ, ಬೊಡ್ಡೆಗೆ ಒಂದು ಗೀರೂ ಆಗದಂತೆ ಆ ಬೇರನ್ನು ಚೂರುಚೂರಾಗಿ ಕಡಿದು ಬಿಡಿಸಿದಳು.

ಕೊಳೆತ ತೊಗಟೆಯನ್ನು ಹಸಿ ಕಾಣುವ ತನಕ ಕೆತ್ತಿದಳು. ಎರಡು ದಿನ ಬಿಸಿಲಿಗೆ ಬಿಟ್ಟು, ಸುಣ್ಣದಲ್ಲಿ ಮೈಲುತುತ್ತ ಕಲಸಿ ಗಾಯಕ್ಕೆ ಬಳಿದಳು. ಒಣ ಟೊಂಗೆಗಳನ್ನು ಓರೆಯಾಗಿ ಕೊಯ್ಸಿ ಅವಕ್ಕೂ ಅದನ್ನೇ ಬಳಿಸಿದಳು. ಅಂದಾನೆಪ್ಪನ ಬಿಸಿನೀರಿಗೆ ರಸ್ತೆಯ ಗಟಾರಕ್ಕೆ ಕಾಲುವೆ ತೋಡಿಸಿ, ಇನ್ನೊಮ್ಮೆ ಬುಡಕ್ಕೆ ಚೆಲ್ಲಿದರೆ ಅದೇ ನೀರನ್ನು ನಿನ್ನ ಕಾಲಿಗೆ ಹೊಯ್ಯುತ್ತೇನೆ ಎಂದು ಹೇಳಿದಳು. ಆ ಮೇಲೆ, ಒಂದು ತಿಂಗಳು ಮರಕ್ಕೆ ನೀರೇ ಹಾಕಬಾರದು ಎಂದಳು.

"ಸಾಯೂ ಗಿಡಕ್ಕ ನೀರು ಬ್ಯಾಡಂತ! ಕೇಳೀರೇನು?" ಎಂದು ಬಸಲಿಂಗಪ್ಪನವರು ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗಿದರು.

ಮೇ ತಿಂಗಳ ನಡುವೆ ಇದ್ದಬಿದ್ದ ಎಲೆಯೂ ಉದುರಿತು. ಮರ ಬೋಳಾಗಿ ನಿಂತಿತು. ಊರಲ್ಲಿ ಮಾತು ಶುರುವಾಯಿತು. ಮಾಸ್ತರ ಅಪ್ಪನ ಹೆಸರನ್ನೂ ಕಳೆದ, ಮರವನ್ನೂ ಕಳೆದ, ಹೆಂಗಸಿನ ಮಾತು ಕೇಳಿದ. ನಾನು ಆ ದಾರಿಯನ್ನೇ ಬಿಟ್ಟು ಹಿತ್ತಲ ಹಾದಿಯಿಂದ ಓಡಾಡತೊಡಗಿದೆ. ಒಂದು ಮಧ್ಯಾಹ್ನ ಅನಿವಾರ್ಯವಾಗಿ ಹೋದಾಗ ಗ್ಯಾಂಗಿನ ಹೆಂಗಸರು ನೆರಳಿಲ್ಲದ ಅದೇ ರಸ್ತೆಯಂಚಿಗೆ ಸೆರಗು ಹೊದ್ದು ರೊಟ್ಟಿ ತಿನ್ನುತ್ತಿದ್ದರು. ಮರೆವ್ವ ಒಬ್ಬಳೇ ಬೊಡ್ಡೆಯ ಹತ್ತಿರ ನಿಂತು ತೊಗಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು.

"ಹೆಂಗೈತಿ?" ಎಂದೆ.

"ಒಳಗ ಹಸಿ ಐತ್ರಿ," ಎಂದಳು. ಮುಖ ತಿರುಗಿಸಿ, "ಖರೇ ಹೇಳಲೇನ್ರಿ? ನನಗೂ ಅಂಜಿಕಿ ಬರಾಕ ಹತ್ತೈತಿ," ಎಂದಳು. ಆ ಹೆಂಗಸಿನ ಬಾಯಲ್ಲಿ ಅಂಜಿಕೆಯ ಮಾತು ನಾನು ಕೇಳಿದ್ದು ಅದೇ ಮೊದಲು. ಮೃಗಶಿರ ಮಳೆ ಹುಟ್ಟುವ ಮಿರಗಕ್ಕೆ ಹದಿನೆಂಟು ದಿನ ಉಳಿದಿತ್ತು.

ತಿಂಗಳ ಕೊನೆಗೆ ಎರಡು ಅಡ್ಡಮಳೆ ಬಿದ್ದವು. ಜೂನ್ ಮೂರನೆಯ ತಾರೀಖು, ಬೆಳಗಿನ ಚಹಾಕ್ಕೆಂದು ಹೋದವನು ಹಾಗೇ ಮರದತ್ತ ಕಣ್ಣು ಹಾಯಿಸಿದೆ. ಊರವರೆಲ್ಲ ತಿಂಗಳಿಂದ ನೆತ್ತಿಯನ್ನೇ ನೋಡುತ್ತಿದ್ದರು. ಹೆಗಲಿನ ದಪ್ಪ ಟೊಂಗೆಯ ಮಗ್ಗುಲಲ್ಲಿ, ತೊಗಟೆ ಸೀಳಿಕೊಂಡು, ತಾಮ್ರದ ಬಣ್ಣದ ಬೆರಳುದ್ದದ ಚಿಗುರೊಂದು ನಿಂತಿತ್ತು. ಪಕ್ಕದಲ್ಲಿ ಇನ್ನೊಂದು. ಅದರಾಚೆ ಮೂರು. ಚಹಾದ ಬಸಿ ಅಂದಾನೆಪ್ಪನ ಕೈಗೇ ವಾಪಸ್ ತುರುಕಿ ನಾನು ಓಡಿದೆ. ನಲವತ್ತೆಂಟು ವಯಸ್ಸಿನ ಮಾಸ್ತರ, ಧೋತ್ರ ಎತ್ತಿ ಹಿಡಿದುಕೊಂಡು ರಸ್ತೆ ದಾಟಿ ಮರೆವ್ವನ ಓಣಿಗೆ ಓಡಿದೆ. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಚಿಗತೈತಿ! ಮರೆವ್ವಾ, ಚಿಗತೈತಿ!"

ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಹಿಂದೆ ಓಣಿಗೆ ಓಣಿಯೇ ಬಂತು. ಮರದ ಕೆಳಗೆ ನಿಂತು ಮೇಲೆ ನೋಡಿದಳು. ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು, ಕೆನ್ನೆಯೆಲ್ಲ ಬೆಳ್ಳಗಾಯಿತು. ಆಮೇಲೆ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ.

ಮಿರಗದ ದಿನ ಓವರ್‌ಸಿಯರ್ ಸಾಹೇಬರು ಗರಗಸದವರನ್ನು ಕರೆದುಕೊಂಡೇ ಬಂದರು. ಜೀಪಿನಿಂದ ಇಳಿದು ಚಿಗುರು ಎಣಿಸತೊಡಗಿದರು. ನಲವತ್ತು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟು ಟೋಪಿ ತೆಗೆದರು. ಗರಗಸದವರಿಗೆ ಅಂದಾನೆಪ್ಪ ಪುಕ್ಕಟೆ ಚಹಾ ಕುಡಿಸಿ, ಮುಂದಿನ ಬಸ್ಸಿಗೇ ಹತ್ತಿಸಿ ಕಳಿಸಿದ. ಡಾಂಬರಿನ ಕತ್ತರಿ ಗುರುತಿನ ಮೇಲೆ ಸುಣ್ಣ, ಕಾವಿ ಬಳಿ ಎಂದು ಸಾಹೇಬರು ಮರೆವ್ವನಿಗೆ ಹೇಳಿದರು. ಒಂದು ಬಳಿತ ಸಾಕಿತ್ತು. ಆಕೆ ಮೂರು ಬಳಿದಳು.

ಆ ಮಳೆಗಾಲದಿಂದ ಸಾಹೇಬರ ಜೀಪು ಆಕೆಯನ್ನು ಹುಡುಕಿಕೊಂಡು ಬರತೊಡಗಿತು. ಕಿತ್ತೂರಿನ ಹೆದ್ದಾರಿಯ ಆಲಕ್ಕೆ ಬುಡದ ತನಕ ಡಾಂಬರು ಬಡಿದಿದ್ದರು, ಅದನ್ನು ಸುತ್ತ ಒಂದು ಮಾರು ಎಬ್ಬಿಸಿ ಬಂದಳು. ರಾಮದುರ್ಗದಲ್ಲಿ ಒಂದು ಹೊಂಗೆಗೆ ಯಾರೋ ಬಟ್ಟೆ ಒಣಹಾಕಲು ಕಟ್ಟಿದ ತಂತಿ ಬೊಡ್ಡೆಯೊಳಗೇ ಹೂತಿತ್ತು, ಅದನ್ನು ಕತ್ತರಿಸಿ ಬಂದಳು. ಸವದತ್ತಿಯಲ್ಲಿ ಒಂದು ಹುಣಸೆ ಒಳಗೆಲ್ಲ ಗೆದ್ದಲು ತಿಂದು ನಿಂತಿತ್ತು. ಬಡಿದು ನೋಡಿ, "ಇದು ತೀರಿತ್ರಿ, ಕಡಸ್ರಿ," ಎಂದು ಅವತ್ತೇ ಹೇಳಿದಳಂತೆ. ಜನ ಗಿಡದ ಡಾಕ್ಟರವ್ವ ಎಂದು ಕರೆಯತೊಡಗಿದರು. ಡಿಸೆಂಬರಿನಲ್ಲಿ ಕಾಯಂ ಆದ ಹುಕುಂ ಬಂತು. ಓದಿ ಹೇಳಲು ನನ್ನ ಹತ್ತಿರ ತಂದಳು. ಎರಡು ಸಲ ಓದಿಸಿಕೊಂಡಳು. ಮೂರನೆಯ ಸಲ ಆಕೆ ಕೇಳದೆಯೇ ನಾನು ಓದಿದೆ.

ಹೊಸ ಕಟ್ಟೆಯನ್ನು ಆಕೆ ಹೇಳಿದ ಹಾಗೆಯೇ ಕಟ್ಟಿದೆವು. ಬೊಡ್ಡೆಯಿಂದ ಎರಡು ಮಾರು ದೂರ, ಮೊಣಕಾಲೆತ್ತರ, ಸಿಮೆಂಟಿಲ್ಲದ ಕಲ್ಲು, ನಡುವೆ ಬರೀ ನೆಲ. ಅಪ್ಪನ ಹೆಸರಿನ ಕಲ್ಲನ್ನು ರಸ್ತೆಯ ಕಡೆಗೆ ಕೂರಲು ಹಾಸುವಾಗ ಮರೆವ್ವ ಅದನ್ನು ಹೆಸರು ಕೆಳಗಾಗುವಂತೆ ಮಗುಚಿದಳು. "ಅಪ್ಪಾರ ಹೆಸರಿನ ಮ್ಯಾಲ ಮಂದಿ ಕುಂಡ್ರಬಾರದ್ರಿ," ಎಂದಳು.

1978ರ ಯುಗಾದಿಗೆ ಮರದ ತುಂಬ ಹೂವು. ಹಳೆಯ ಕಾಲದಷ್ಟಿಲ್ಲ, ನೆತ್ತಿ ಇನ್ನೂ ಬೋಳು, ಆದರೂ ಊರಿಗೆ ಸಾಕಾಗಿ ಮಿಕ್ಕುವಷ್ಟು ಹೂವು. ಬಸಲಿಂಗಪ್ಪನವರು ಬೇವು-ಬೆಲ್ಲದ ಬೋಗುಣಿ ಹಿಡಿದುಕೊಂಡು ನಿಂತಿದ್ದರು. ಗ್ಯಾಂಗಿನ ಏಳು ಹೆಂಗಸರು ಎಂದಿನಂತೆ ರಸ್ತೆಯಂಚಿಗೆ ನಿಂತಿದ್ದರು.

"ಮರೆವ್ವಾ, ಅಲ್ಯಾಕ ನಿಂತೀರಿ? ಬರ್ರಿ, ಎಲ್ಲಾರೂ ಬರ್ರಿ. ಕುಂಡ್ರಿ," ಎಂದರು ಬಸಲಿಂಗಪ್ಪನವರು. ಹೋದ ವರ್ಷ ಕಟ್ಟೆ ಒಡೆಯಬೇಡಿರೆಂದ ಅದೇ ಬಾಯಿ.

ಮರೆವ್ವ ಬಂದಳು. ಕಟ್ಟೆಯನ್ನು ಒಮ್ಮೆ ಸುತ್ತ ನೋಡಿ, ಮಗುಚಿದ ಆ ಕಲ್ಲಿನ ಹತ್ತಿರ ನಿಂತು ನನ್ನತ್ತ ತಿರುಗಿದಳು.

"ಮಾಸ್ತರ್ರ, ಇದರ ಮ್ಯಾಲ ಕುಂಡ್ರಲೇನ್ರಿ?"

"ಕುಂಡ್ರಬೇ. ಕೇಳೂದೇನೈತಿ," ಎಂದೆ.

ಆಕೆ ಕೂತಳು. ಉಳಿದ ಆರು ಜನರನ್ನೂ ಕೈಬೀಸಿ ಕರೆದಳು. ಅವರೆಲ್ಲ ಒತ್ತೊತ್ತಾಗಿ ಕೂತರು, ಬಸಲಿಂಗಪ್ಪನವರು ಎಲ್ಲರಿಗಿಂತ ಮೊದಲು ಮರೆವ್ವನ ಕೈಗೆ ಬೇವು-ಬೆಲ್ಲ ಹಾಕಿದರು. ನನಗೆ ಆ ಕಡೆ ಜಾಗವೇ ಉಳಿಯಲಿಲ್ಲ. ರಸ್ತೆಯಂಚಿಗೆ ಬಂದ ನೆರಳಿನಲ್ಲಿ ನಿಂತು ನನ್ನ ಪಾಲಿನದನ್ನು ತಿಂದೆ. ಅಂದಾನೆಪ್ಪ ಇಂದಿಗೂ ಅದನ್ನು ಹೇಳಿ ಹೇಳಿ ನಗುತ್ತಾನೆ. ನಗಲಿ.